ಸಾಕು ಬೆಕ್ಕಿಗೆ ನಲ್ಲಿ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ನಲ್ಲಿ ನೀರನ್ನು ಬೆಕ್ಕಿಗೆ ನೇರವಾಗಿ ಕೊಡಬಹುದೇ?

ಶುದ್ಧೀಕರಿಸಿ ಸರಬರಾಜು ಮಾಡುವ, ಮನೆಯವರೆಲ್ಲ ಅಳುಕಿಲ್ಲದೆ ಕುಡಿಯುವ ನಲ್ಲಿ ನೀರನ್ನು ಆರೋಗ್ಯವಂತ ಬೆಕ್ಕಿಗೂ ಹಾಗೆಯೇ ಕೊಡಬಹುದು. ಮನೆಯವರು ಅದೇ ನೀರನ್ನು ಕುದಿಸಿಯೋ ಶೋಧಿಸಿಯೋ ಕುಡಿಯುತ್ತಿದ್ದರೆ ಬೆಕ್ಕಿನ ಬಟ್ಟಲಿಗೂ ಕುದಿಸಿದ ಅಥವಾ ಶೋಧಿಸಿದ ನೀರನ್ನೇ ಹಾಕಬೇಕು. ತಮಗೊಂದು ನೀರು, ಬೆಕ್ಕಿಗೊಂದು ನೀರು ಎಂಬ ಭೇದಕ್ಕೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ.

ಬೆಕ್ಕು ಚಿಕ್ಕ ಪ್ರಾಣಿಯಾದ್ದರಿಂದ ನೀರಿನಲ್ಲಿರುವ ಅಲ್ಪಸ್ವಲ್ಪ ರಾಸಾಯನಿಕವೂ ಅದಕ್ಕೆ ವಿಷವಾದೀತು ಎಂದು ಅನೇಕರು ಹೆದರುತ್ತಾರೆ. ಈ ಭಯವನ್ನು ಲೆಕ್ಕ ಹಾಕಿ ನೋಡಬಹುದು. ಕುಡಿಯುವ ನೀರಿನ ರಾಸಾಯನಿಕಗಳಿಗೆ ಮಿತಿ ಗೊತ್ತುಮಾಡುವಾಗ ವಿಶ್ವ ಆರೋಗ್ಯ ಸಂಸ್ಥೆಯು ಸಾಮಾನ್ಯವಾಗಿ 60 ಕಿಲೋ ತೂಕದ ವಯಸ್ಕರೊಬ್ಬರು ದಿನಕ್ಕೆ 2 ಲೀಟರ್ ನೀರು ಕುಡಿಯುತ್ತಾರೆಂದು ಇಟ್ಟುಕೊಳ್ಳುತ್ತದೆ. ಅದು ಪ್ರತಿ ಕಿಲೋ ತೂಕಕ್ಕೆ ಸುಮಾರು 33 ಮಿಲಿಲೀಟರ್ ಆಗುತ್ತದೆ. ಒಣ ಆಹಾರವನ್ನಷ್ಟೇ ತಿನ್ನುವ ಬೆಕ್ಕು ತನ್ನ ತೂಕಕ್ಕೆ ತಕ್ಕಂತೆ ಇದರ ಆಸುಪಾಸಿನಲ್ಲೋ ಸ್ವಲ್ಪ ಹೆಚ್ಚಾಗಿಯೋ ಕುಡಿಯುತ್ತದೆ, ಹಸಿ ಆಹಾರ (ಡಬ್ಬಿಯಲ್ಲೋ ಪೊಟ್ಟಣದಲ್ಲೋ ಬರುವ ತೇವವಾದ ಆಹಾರ) ತಿನ್ನುವ ಬೆಕ್ಕು ಇದಕ್ಕಿಂತ ಬಹಳ ಕಡಿಮೆ ಕುಡಿಯುತ್ತದೆ. ಆದ್ದರಿಂದ ಮೈತೂಕದ ಲೆಕ್ಕದಲ್ಲಿ ಬೆಕ್ಕಿನ ದೇಹಕ್ಕೆ ನೀರಿನ ಮೂಲಕ ಸೇರುವ ಪ್ರಮಾಣವು ಮನುಷ್ಯರದಕ್ಕಿಂತ ತೀರಾ ಬೇರೆಯಾಗಿಲ್ಲ.

ಬೀದಿ ಬೆಕ್ಕುಗಳು ಎಂಥ ನೀರನ್ನೂ ಕುಡಿದು ಬದುಕುತ್ತವೆ. ಸಾಕು ಬೆಕ್ಕಿಗೇಕೆ ಇಷ್ಟೊಂದು ಕಾಳಜಿ?

ಬದುಕಿ ಉಳಿದ ಬೆಕ್ಕುಗಳು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತವೆ. ಕಲುಷಿತ ನೀರಿನಿಂದ ಬರುವ ಭೇದಿ, ಜಂತು ಮತ್ತು ಸೋಂಕುಗಳಿಗೆ ಎಷ್ಟು ಮರಿಗಳು ಬಲಿಯಾಗುತ್ತವೆಂಬುದನ್ನು ಯಾರೂ ನಿಂತು ನೋಡುವುದಿಲ್ಲ. ಮನೆಯ ಬೆಕ್ಕಿಗೆ ನೀರಿನ ಆಯ್ಕೆಯೂ ಇರುವುದಿಲ್ಲ, ನಾವು ಇಟ್ಟದ್ದನ್ನೇ ಅದು ಕುಡಿಯಬೇಕು.

ಬೆಕ್ಕಿಗೆ ದಿನಕ್ಕೆ ಎಷ್ಟು ನೀರು ಬೇಕು?

ಆಹಾರದಲ್ಲಿರುವ ನೀರೂ ಸೇರಿ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 40ರಿಂದ 60 ಮಿಲಿಲೀಟರ್ ಬೇಕು. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ಸುಮಾರು 200 ಮಿಲಿಲೀಟರ್ ಎಂದಾಯಿತು. ಹಸಿ ಆಹಾರದಲ್ಲಿ ನೂರಕ್ಕೆ 75ರಿಂದ 80 ಭಾಗ ನೀರೇ ಇರುವುದರಿಂದ 200 ಗ್ರಾಂ ಹಸಿ ಆಹಾರ ತಿಂದ ಬೆಕ್ಕಿಗೆ ಅದರಲ್ಲೇ 150ರಿಂದ 160 ಮಿಲಿಲೀಟರ್ ನೀರು ಸಿಕ್ಕಿರುತ್ತದೆ. ಒಣ ಆಹಾರದಲ್ಲಿ ನೀರಿನಂಶ ನೂರಕ್ಕೆ 10ರಷ್ಟೂ ಇರುವುದಿಲ್ಲವೆನ್ನಬಹುದು. 60 ಗ್ರಾಂ ಒಣ ಆಹಾರದಿಂದ ಸಿಗುವುದು ಒಂದು ಚಮಚೆಯಷ್ಟು ನೀರು ಮಾತ್ರ. ಉಳಿದದ್ದೆಲ್ಲ ಬಟ್ಟಲಿನಿಂದಲೇ ಬರಬೇಕು. ಹೀಗಾಗಿ ಬಟ್ಟಲಿನ ನೀರು ಹೇಗಿದೆ ಎಂಬ ಪ್ರಶ್ನೆ ಒಣ ಆಹಾರ ತಿನ್ನುವ ಬೆಕ್ಕಿನ ವಿಷಯದಲ್ಲಿ ಹೆಚ್ಚು ಗಂಭೀರವಾಗುತ್ತದೆ.

ಸಾಕು ಬೆಕ್ಕಿನ ಪೂರ್ವಜರು ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಪ್ರದೇಶಗಳ ಕಾಡುಬೆಕ್ಕುಗಳು. ಬೇಟೆಯ ಮಾಂಸದಲ್ಲಿರುವ ನೀರಿನಿಂದಲೇ ಬಹುಮಟ್ಟಿಗೆ ಬದುಕುತ್ತಿದ್ದ ಆ ಪ್ರಾಣಿಗಳ ಮೂತ್ರಪಿಂಡಗಳು ಮನುಷ್ಯರ ಮೂತ್ರಪಿಂಡಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಗಾಢವಾದ ಮೂತ್ರವನ್ನು ತಯಾರಿಸಬಲ್ಲವು. ಈ ಸಾಮರ್ಥ್ಯ ಇಂದಿನ ಬೆಕ್ಕಿಗೂ ಬಂದಿದೆ, ಅದರ ಜೊತೆಗೆ ಬಾಯಾರಿಕೆ ತಡವಾಗಿ ಕಾಣಿಸಿಕೊಳ್ಳುವ ಸ್ವಭಾವವೂ ಬಂದಿದೆ. ಒಣ ಆಹಾರದ ಬೆಕ್ಕು ಬಟ್ಟಲಿನಿಂದ ಹೆಚ್ಚು ಕುಡಿಯುತ್ತದೆಯಾದರೂ ಒಟ್ಟಾರೆ ನೀರಿನಲ್ಲಿ ಅದು ಹಸಿ ಆಹಾರದ ಬೆಕ್ಕಿಗಿಂತ ಹಿಂದೆಯೇ ಉಳಿಯುತ್ತದೆ. ನಲ್ಲಿ ನೀರಿನಲ್ಲಿ ಏನಿದೆ ಎಂಬುದಕ್ಕಿಂತ, ಬೆಕ್ಕಿನ ಹೊಟ್ಟೆಗೆ ಸಾಕಷ್ಟು ನೀರು ಹೋಗುತ್ತಿಲ್ಲ ಎಂಬುದೇ ಹೆಚ್ಚಿನ ಮನೆಗಳಲ್ಲಿ ನಿಜವಾದ ತೊಂದರೆಯೆಂದು ನನ್ನ ದೃಢವಾದ ಅಭಿಪ್ರಾಯ.

ನೀರಿಗೆ ಬೆರೆಸುವ ಕ್ಲೋರಿನ್ ಬೆಕ್ಕಿಗೆ ಹಾನಿ ಮಾಡುವುದಿಲ್ಲವೇ?

ಸೋಂಕು ತಡೆಯಲು ಬೆರೆಸುವ ಪ್ರಮಾಣದಲ್ಲಿ ಹಾನಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 5 ಮಿಲಿಗ್ರಾಂ. ನಲ್ಲಿಗೆ ಬರುವ ಹೊತ್ತಿಗೆ ನೀರಿನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ತೀರಾ ಕಡಿಮೆ, ಅನೇಕ ಕಡೆ 1 ಮಿಲಿಗ್ರಾಂಗೂ ಕಡಿಮೆ ಕ್ಲೋರಿನ್ ಉಳಿದಿರುತ್ತದೆ. ತೊಂದರೆ ಬರುವುದು ವಾಸನೆಯಿಂದ. ಬೆಕ್ಕಿನ ಮೂಗು ನಮ್ಮದಕ್ಕಿಂತ ಬಹಳ ಸೂಕ್ಷ್ಮವಾದುದರಿಂದ ನಮಗೆ ಗೊತ್ತೇ ಆಗದ ವಾಸನೆಗೆ ಅದು ಬಟ್ಟಲಿನಿಂದ ಹಿಂದೆ ಸರಿಯಬಹುದು. ಅಗಲ ಬಾಯಿಯ ಪಾತ್ರೆಯಲ್ಲಿ ನೀರನ್ನು ತುಂಬಿ ಕೆಲವು ಗಂಟೆ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹಾರಿಹೋಗುತ್ತದೆ.

ಕೆಲವು ಊರುಗಳಲ್ಲಿ ಕ್ಲೋರಿನ್ ಬದಲು ಕ್ಲೋರಮಿನ್ ಬಳಸುತ್ತಾರೆ. ಅದು ತೆರೆದಿಟ್ಟ ಮಾತ್ರಕ್ಕೆ ಹೋಗುವುದಿಲ್ಲ, ಸಕ್ರಿಯ ಇದ್ದಿಲಿನ ಶೋಧಕ ಬೇಕಾಗುತ್ತದೆ. ಕ್ಲೋರಮಿನ್ ಮೀನುಗಳನ್ನು ಕೊಲ್ಲುತ್ತದೆ ಎಂದು ಕೇಳಿ ಬೆಕ್ಕು ಸಾಕುವವರೂ ಗಾಬರಿಗೊಳ್ಳುತ್ತಾರೆ. ಮೀನಿನಲ್ಲಿ ಅದು ಕಿವಿರುಗಳ ಮೂಲಕ ನೇರವಾಗಿ ರಕ್ತಕ್ಕೆ ಸೇರುತ್ತದೆ. ಬೆಕ್ಕು ಕುಡಿದಾಗ ಅದು ಜೀರ್ಣಾಂಗದಲ್ಲೇ ಒಡೆದುಹೋಗುತ್ತದೆ. ಹಾಗಾಗಿ ಅಕ್ವೇರಿಯಂಗೆ ಹೊಂದದ ನೀರು ಬೆಕ್ಕಿಗೂ ಹೊಂದುವುದಿಲ್ಲವೆಂದು ತಿಳಿಯಬೇಕಾಗಿಲ್ಲ.

ಗಡಸು ನೀರಿನಿಂದ ಬೆಕ್ಕಿಗೆ ಮೂತ್ರದ ಕಲ್ಲು ಬರುತ್ತದೆಯೇ?

ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ ಇದೇ, ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರಲ್ಲೇ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದವರು ಬೆಕ್ಕಿನ ಮೂತ್ರಕೋಶದಲ್ಲೂ ಹಾಗೆಯೇ ಆಗುತ್ತದೆಂದು ಭಾವಿಸುವುದು ಸಹಜ. ಆದರೆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಆಹಾರದಲ್ಲಿರುವುದರೊಂದಿಗೆ ಹೋಲಿಸಿದರೆ ಚಿತ್ರ ಬೇರೆಯಾಗುತ್ತದೆ. ಒಂದು ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ, 30 ಮಿಲಿಗ್ರಾಂ ಮೆಗ್ನೀಸಿಯಂ ಇರುವ, ಅಂದರೆ ಸಾಕಷ್ಟು ಗಡಸಾದ ನೀರನ್ನು ಬೆಕ್ಕೊಂದು ದಿನಕ್ಕೆ 150 ಮಿಲಿಲೀಟರ್ ಕುಡಿಯಿತೆಂದು ಇಟ್ಟುಕೊಳ್ಳೋಣ. ಅದರಿಂದ ಸಿಗುವುದು 15 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 4.5 ಮಿಲಿಗ್ರಾಂ ಮೆಗ್ನೀಸಿಯಂ. ಅದೇ ಬೆಕ್ಕು ನೂರಕ್ಕೆ 1ರಷ್ಟು ಕ್ಯಾಲ್ಸಿಯಂ ಮತ್ತು 0.1ರಷ್ಟು ಮೆಗ್ನೀಸಿಯಂ ಇರುವ ಒಣ ಆಹಾರವನ್ನು 60 ಗ್ರಾಂ ತಿಂದರೆ 600 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 60 ಮಿಲಿಗ್ರಾಂ ಮೆಗ್ನೀಸಿಯಂ ಅದರ ಹೊಟ್ಟೆ ಸೇರಿರುತ್ತದೆ. ನೀರಿನ ಪಾಲು ಇದರ ಮುಂದೆ ಅತ್ಯಲ್ಪ.

ಬೆಕ್ಕುಗಳಲ್ಲಿ ಮುಖ್ಯವಾಗಿ ಕಾಣುವ ಕಲ್ಲುಗಳು ಎರಡು ಬಗೆಯವು. ಮೆಗ್ನೀಸಿಯಂ, ಅಮೋನಿಯಂ ಮತ್ತು ಫಾಸ್ಫೇಟ್‌ಗಳಿಂದಾದ ಸ್ಟ್ರುವೈಟ್ ಕಲ್ಲು ಕ್ಷಾರೀಯ ಮೂತ್ರದಲ್ಲಿ ಸುಲಭವಾಗಿ ರೂಪುಗೊಳ್ಳುತ್ತದೆ. ಪಶುವೈದ್ಯರು ಸೂಚಿಸುವ ವಿಶೇಷ ಆಹಾರದಿಂದ ಅದನ್ನು ಅನೇಕ ಬಾರಿ ಕರಗಿಸಬಹುದು. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಹಾಗೆ ಕರಗುವುದಿಲ್ಲ, ತೆಗೆಯಲೇಬೇಕಾಗುತ್ತದೆ. ಎರಡಕ್ಕೂ ಅನುಕೂಲ ಮಾಡಿಕೊಡುವುದು ಗಾಢವಾದ ಮೂತ್ರ, ಅಂದರೆ ನೀರಿನ ಕೊರತೆ. ನೀರು ಗಡಸು ಎಂಬ ಭಯದಿಂದ ಬಟ್ಟಲಿನಲ್ಲಿ ಸ್ವಲ್ಪವೇ ನೀರಿಡುವವರು ಕಲ್ಲನ್ನು ದೂರವಿಡುವ ಬದಲು ಹತ್ತಿರ ಕರೆಯುತ್ತಿದ್ದಾರೆ. ಹಿಂದೆ ಕಲ್ಲಿನ ತೊಂದರೆಯಾಗಿರುವ ಬೆಕ್ಕಿಗೆ ಖನಿಜಾಂಶ ಕಡಿಮೆಯಿರುವ ನೀರನ್ನು ಕೊಡುವುದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನೇ ಚಿಕಿತ್ಸೆ ಎಂದು ನಂಬಿ ಆಹಾರದ ಬದಲಾವಣೆಯನ್ನು ಮುಂದೂಡಬಾರದು.

ಹಳೆಯ ಕೊಳವೆಗಳಿಂದ ಸೀಸ ಬರುವುದೆಂದು ಕೇಳಿದ್ದೇವೆ. ಅದು ನಿಜವೇ?

ನಿಜ, ಇದನ್ನು ಹಗುರವಾಗಿ ಕಾಣಬಾರದು. ಸರಬರಾಜಾದ ನೀರು ಶುದ್ಧವಾಗಿದ್ದರೂ ಸೀಸದ ಕೊಳವೆ, ಸೀಸ ಬೆರೆತ ಬೆಸುಗೆ ಅಥವಾ ಹಳೆಯ ಹಿತ್ತಾಳೆಯ ನಲ್ಲಿಗಳಲ್ಲಿ ರಾತ್ರಿಯಿಡೀ ನಿಂತಾಗ ಅದರಲ್ಲಿ ಸೀಸ ಕರಗಬಹುದು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಸೀಸ ಬೆರೆತ ನೀರಿಗೆ ಬಣ್ಣವಾಗಲಿ ವಾಸನೆಯಾಗಲಿ ರುಚಿಯಾಗಲಿ ಇರುವುದಿಲ್ಲವಾದ್ದರಿಂದ ಪರೀಕ್ಷೆ ಮಾಡಿಸದೆ ತಿಳಿಯುವ ದಾರಿಯಿಲ್ಲ. ಬೆಕ್ಕಿಗೆ ಸೀಸದ ವಿಷವೇರಿದಾಗ ಹಸಿವು ಕುಗ್ಗುವುದು, ವಾಂತಿ, ನಡವಳಿಕೆಯಲ್ಲಿ ಬದಲಾವಣೆ, ಕೆಲವೊಮ್ಮೆ ಫಿಟ್ಸ್ ಕಾಣಿಸುತ್ತವೆ.

ಬೆಳಿಗ್ಗೆ ಮೊದಲು ಬರುವ ನೀರನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಆಮೇಲೆ ಬಟ್ಟಲು ತುಂಬಿಸಬೇಕು; ಹರಿದುಹೋಗುವ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ನೆಲ ಒರೆಸಲು ಬಳಸಬಹುದು. ಬಿಸಿ ನೀರಿನ ನಲ್ಲಿಯಿಂದ ಕುಡಿಯುವ ನೀರು ಹಿಡಿಯಲೇಬಾರದು, ಏಕೆಂದರೆ ಬಿಸಿ ನೀರಿನಲ್ಲಿ ಲೋಹ ಹೆಚ್ಚು ಕರಗುತ್ತದೆ. ನಲ್ಲಿಯ ಕೆಳಗೆ ಹಸಿರು ಮಿಶ್ರಿತ ನೀಲಿ ಕಲೆ ಕಟ್ಟುತ್ತಿದ್ದರೆ ತಾಮ್ರದ ಕೊಳವೆ ಸವೆಯುತ್ತಿದೆ ಎಂದರ್ಥ.

ಬಾವಿ ಅಥವಾ ಕೊಳವೆಬಾವಿಯಿಂದ ನಲ್ಲಿಗೆ ನೀರು ಬರುತ್ತಿದ್ದರೆ?

ಆಗ ಮೇಲೆ ಹೇಳಿದ ಭರವಸೆ ಹಾಗೆಯೇ ಅನ್ವಯಿಸುವುದಿಲ್ಲ, ಏಕೆಂದರೆ ಆ ನೀರನ್ನು ಯಾರೂ ನಿತ್ಯ ಪರೀಕ್ಷಿಸುತ್ತಿರುವುದಿಲ್ಲ. ಅಂತರ್ಜಲದಲ್ಲಿ ಫ್ಲೋರೈಡ್, ಆರ್ಸೆನಿಕ್ ಮತ್ತು ನೈಟ್ರೇಟ್ ಇರುವ ಸಾಧ್ಯತೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಲೀಟರಿಗೆ ಫ್ಲೋರೈಡ್ 1.5 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ ಮೀರಬಾರದು. ಈ ಅಂಕಿಗಳು ಮನುಷ್ಯರಿಗಾಗಿ ಗೊತ್ತುಮಾಡಿದವಾದರೂ ಬೆಕ್ಕಿಗೂ ಇವನ್ನೇ ಅನುಸರಿಸುವುದು ವಿವೇಕ. ವರ್ಷಕ್ಕೊಮ್ಮೆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಮನೆಯ ಎಲ್ಲರಿಗೂ ಒಳಿತು. ಕೊಳೆತ ಮೊಟ್ಟೆಯ ವಾಸನೆ ಬರುವ ಗಂಧಕಾಂಶದ ನೀರನ್ನು ಬೆಕ್ಕು ತಾನೇ ಮೂಸಿ ಬಿಟ್ಟುಬಿಡುತ್ತದೆ. ಕಬ್ಬಿಣದಿಂದ ಕೆಂಪಾದ ನೀರು ರುಚಿಗೆಡಿಸುವುದೇ ಹೆಚ್ಚು.

ನೀರನ್ನು ಕುದಿಸಿ ಕೊಡಬೇಕೇ?

ನೀರಿನಲ್ಲಿ ರೋಗಾಣುಗಳಿರುವ ಸಂದೇಹವಿದ್ದರೆ ಕುದಿಸಬೇಕು. ಪ್ರವಾಹದ ನಂತರ, ಕೊಳವೆ ಒಡೆದು ಚರಂಡಿ ನೀರು ಬೆರೆತಾಗ, ಮೇಲ್ತೊಟ್ಟಿಯನ್ನು ಬಹುಕಾಲದಿಂದ ತೊಳೆಯದಿದ್ದಾಗ, ನೀರನ್ನು ಕುದಿಸಿ ಕುಡಿಯಿರಿ ಎಂದು ಅಧಿಕಾರಿಗಳು ಪ್ರಕಟಣೆ ಕೊಟ್ಟಾಗ ಬೆಕ್ಕಿನ ನೀರನ್ನೂ ಚೆನ್ನಾಗಿ ಮರಳುವಂತೆ ಒಂದು ನಿಮಿಷ ಕುದಿಸಿ ಆರಿಸಿ ಕೊಡಬೇಕು. 2000 ಮೀಟರ್‌ಗಿಂತ ಎತ್ತರದ ಸ್ಥಳಗಳಲ್ಲಿ ಮೂರು ನಿಮಿಷ. ಬೆಕ್ಕಿಗೆ ಭೇದಿ ತರುವ ಜಿಯಾರ್ಡಿಯಾ ಮತ್ತು ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಗಳು ಕ್ಲೋರಿನ್ ಅನ್ನು ತಡೆದುಕೊಳ್ಳುತ್ತವೆ, ಅದರಲ್ಲೂ ಎರಡನೆಯದಕ್ಕೆ ಕ್ಲೋರಿನ್ ಬಹುತೇಕ ನಾಟುವುದೇ ಇಲ್ಲ. ಕುದಿಸಿದರೆ ಎರಡೂ ಸಾಯುತ್ತವೆ.

ಆದರೆ ಕುದಿಸುವುದರಿಂದ ಸೀಸ, ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಯಾವುದೂ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಅವುಗಳ ಸಾಂದ್ರತೆ ಹೆಚ್ಚುತ್ತದೆ. ರೋಗಾಣುವಿಗೆ ಬೆಂಕಿ, ಲೋಹ ಲವಣಗಳಿಗೆ ಶೋಧಕ ಎಂಬ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಬೇಕು.

ಆರ್‌ಒ ನೀರು, ಬಾಟಲಿ ನೀರು, ಭಟ್ಟಿ ಇಳಿಸಿದ ನೀರು ಇನ್ನೂ ಒಳ್ಳೆಯವೇ?

ಪೂರ್ಣ ಪೋಷಣೆಯ ಆಹಾರ ತಿನ್ನುವ ಬೆಕ್ಕಿಗೆ ಖನಿಜಗಳು ಆಹಾರದಿಂದಲೇ ಸಿಗುವುದರಿಂದ ಆರ್‌ಒ ನೀರಿನಿಂದ ಕೊರತೆಯಾಗುತ್ತದೆಂದು ಹೆದರಬೇಕಿಲ್ಲ. ಕೆಲವು ಬೆಕ್ಕುಗಳಿಗೆ ಅದರ ಸಪ್ಪೆ ರುಚಿ ಹಿಡಿಸುವುದಿಲ್ಲ, ಆಗ ಅವು ಕಡಿಮೆ ಕುಡಿಯುತ್ತವೆ. ಇದು ಗಮನಿಸಬೇಕಾದ ಸಂಗತಿ. ನಲ್ಲಿ ನೀರು ಚೆನ್ನಾಗಿರುವ ಮನೆಯಲ್ಲಿ ಬೆಕ್ಕಿಗೆಂದು ಬಾಟಲಿ ನೀರು ಕೊಳ್ಳುವ ಅಗತ್ಯವಿಲ್ಲ. ಗಡಸುತನ ತೆಗೆಯುವ ಯಂತ್ರಗಳು ಕ್ಯಾಲ್ಸಿಯಂ ಜಾಗದಲ್ಲಿ ಸೋಡಿಯಂ ಸೇರಿಸುತ್ತವೆ. ಆರೋಗ್ಯವಂತ ಬೆಕ್ಕಿಗೆ ಅದು ಹೊರೆಯಲ್ಲದಿದ್ದರೂ ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿರುವ ಬೆಕ್ಕಿದ್ದರೆ ಪಶುವೈದ್ಯರನ್ನು ಕೇಳಿ ಮುಂದುವರಿಯುವುದು ಒಳ್ಳೆಯದು.

ಬಟ್ಟಲಿನ ನೀರನ್ನು ಬಿಟ್ಟು ನಲ್ಲಿಗೇ ಬಾಯಿ ಹಾಕುವುದೇಕೆ?

ಹರಿಯುವ ನೀರು ತಂಪಾಗಿರುತ್ತದೆ, ಅಲುಗಾಡುವುದರಿಂದ ಕಣ್ಣಿಗೆ ಕಾಣುತ್ತದೆ, ಬಟ್ಟಲಿನಲ್ಲಿ ನಿಂತ ನೀರಿಗಿಂತ ತಾಜಾ ವಾಸನೆಯದಾಗಿರುತ್ತದೆ. ನಿಶ್ಚಲವಾದ ನೀರಿನ ಮೇಲ್ಮೈ ಎಲ್ಲಿದೆಯೆಂದು ಹತ್ತಿರದಿಂದ ಗುರುತಿಸುವುದು ಬೆಕ್ಕಿಗೆ ಕಷ್ಟ. ಬೆಕ್ಕು ನೀರು ಕುಡಿಯುವ ವಿಧಾನವನ್ನು ಅತಿವೇಗದ ಕ್ಯಾಮೆರಾಗಳಿಂದ ಚಿತ್ರೀಕರಿಸಿದ ಸಂಶೋಧಕರು 2010ರಲ್ಲಿ ಪ್ರಕಟಿಸಿದಂತೆ, ಅದು ನಾಲಿಗೆಯ ತುದಿಯನ್ನು ನೀರಿಗೆ ತಾಗಿಸಿ ಥಟ್ಟನೆ ಮೇಲೆಳೆದು, ಅದರೊಂದಿಗೆ ಏಳುವ ನೀರಿನ ಎಳೆಯನ್ನು ಬೀಳುವ ಮೊದಲೇ ಕಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ನಾಲ್ಕು ಬಾರಿ ಹೀಗೆ ಮಾಡಿದರೂ ಪ್ರತಿ ಸಲ ಬಾಯಿಗೆ ಬರುವುದು ಸುಮಾರು 0.1 ಮಿಲಿಲೀಟರ್. ನೂರು ಮಿಲಿಲೀಟರ್ ಕುಡಿಯಲು ಸಾವಿರದಷ್ಟು ಬಾರಿ ನಾಲಿಗೆ ಚಾಚಬೇಕು! ಇಷ್ಟು ಹೊತ್ತು ತಲೆ ತಗ್ಗಿಸಿ ನಿಲ್ಲಬೇಕಾದ ಪ್ರಾಣಿಗೆ ಗದ್ದಲವಿರುವ, ಬೇರೆ ಬೆಕ್ಕು ಹಿಂದಿನಿಂದ ಬರಬಹುದಾದ ಜಾಗದಲ್ಲಿ ನೀರಿಟ್ಟರೆ ಅದು ಅರ್ಧಕ್ಕೇ ಬಿಟ್ಟು ಹೋಗುವುದರಲ್ಲಿ ಆಶ್ಚರ್ಯವಿಲ್ಲ. ನಲ್ಲಿಯನ್ನು ಸದಾ ತೆರೆದಿಡಲು ಆಗುವುದಿಲ್ಲವಾದ್ದರಿಂದ ಬೆಕ್ಕಿಗೆಂದೇ ಸಿಗುವ ಚಿಕ್ಕ ಕಾರಂಜಿಯನ್ನು ಇಡಬಹುದು, ಆದರೆ ಅದರ ಪಂಪನ್ನು ಬಿಡಿಸಿ ತೊಳೆಯುವ ವ್ಯವಧಾನ ಇರುವವರು ಮಾತ್ರ ಇಡಬೇಕು.

ಯಾವ ಬಟ್ಟಲು ಒಳ್ಳೆಯದು, ಎಲ್ಲಿಡಬೇಕು, ಹೇಗೆ ತೊಳೆಯಬೇಕು?

ಸ್ಟೀಲ್, ಗಾಜು ಅಥವಾ ಪಿಂಗಾಣಿಯ ಅಗಲ ಬಟ್ಟಲು ಸೂಕ್ತ. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಬ್ಯಾಕ್ಟೀರಿಯಾ ನೆಲೆಸುತ್ತವೆ, ಕೆಲವು ಬೆಕ್ಕುಗಳ ಗಲ್ಲದ ಮೇಲೆ ಕಪ್ಪು ಗುಳ್ಳೆಗಳೂ ಏಳುತ್ತವೆ. ನೀರನ್ನು ದಿನವೂ ಬದಲಿಸಬೇಕು. ಹಳೆಯ ನೀರಿನ ಮೇಲೆಯೇ ಹೊಸ ನೀರು ಸುರಿಯುವುದು ಬದಲಿಸಿದಂತಾಗುವುದಿಲ್ಲ, ಏಕೆಂದರೆ ಬಟ್ಟಲಿನ ಒಳಮೈಗೆ ಬೆರಳಾಡಿಸಿದರೆ ಸಿಗುವ ಲೋಳೆಯು ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಪದರವಾಗಿದ್ದು, ಉಜ್ಜಿ ತೊಳೆಯದೆ ಹೋಗುವುದಿಲ್ಲ. ಎಷ್ಟೋ ಮನೆಗಳಲ್ಲಿ ನಲ್ಲಿಯಿಂದ ಶುದ್ಧವಾಗಿ ಬಂದ ನೀರು ಕೆಡುವುದು ಇಲ್ಲಿಯೇ. ಬಟ್ಟಲನ್ನು ಊಟದ ತಟ್ಟೆಯಿಂದಲೂ ಮಲದ ತಟ್ಟೆಯಿಂದಲೂ ದೂರವಿಡಬೇಕು. ಒಂದಕ್ಕಿಂತ ಹೆಚ್ಚು ಕಡೆ ನೀರಿಟ್ಟರೆ ಇನ್ನೂ ಒಳ್ಳೆಯದು.

ತೊಳೆಯಲು ಪಾತ್ರೆ ಸೋಪು ಸಾಕು. ಫಿನಾಯಿಲ್‌ನಂಥ ಫೀನಾಲ್ ಬೆರೆತ ದ್ರವಗಳನ್ನು ಬಟ್ಟಲಿಗಾಗಲಿ ಅದರ ಸುತ್ತಲಿನ ನೆಲಕ್ಕಾಗಲಿ ಖಂಡಿತ ಬಳಸಬಾರದು. ಇಂಥ ರಾಸಾಯನಿಕಗಳನ್ನು ವಿಷಮುಕ್ತಗೊಳಿಸಿ ಹೊರಹಾಕುವ ಕಿಣ್ವದ ಸಾಮರ್ಥ್ಯ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ.

ಮನೆಯಲ್ಲಿ ಬೆಕ್ಕು ಬಾಯಿ ಹಾಕಬಾರದ ನೀರು ಯಾವುದು?

ಲಿಲ್ಲಿ ಹೂವಿಟ್ಟ ಹೂದಾನಿಯ ನೀರು ಎಲ್ಲಕ್ಕಿಂತ ಅಪಾಯಕಾರಿ. ನಿಜವಾದ ಲಿಲ್ಲಿಗಳ ಎಲೆ, ಹೂವು, ಪರಾಗ ಮಾತ್ರವಲ್ಲದೆ ಅವು ನಿಂತ ನೀರು ಸಹ ಬೆಕ್ಕಿನ ಮೂತ್ರಪಿಂಡಗಳನ್ನು ಕೆಲವೇ ದಿನಗಳಲ್ಲಿ ಹಾಳುಮಾಡಬಲ್ಲದು. ಬೆಕ್ಕಿರುವ ಮನೆಗೆ ಆ ಹೂವನ್ನು ತರದಿರುವುದೇ ಸರಿ. ವಾಹನದ ರೇಡಿಯೇಟರ್‌ನಿಂದ ಸೋರುವ ಕೂಲೆಂಟ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಇದ್ದರೆ ಪ್ರತಿ ಕಿಲೋ ತೂಕಕ್ಕೆ ಸುಮಾರು 1.5 ಮಿಲಿಲೀಟರ್ ಹೊಟ್ಟೆಗೆ ಹೋದರೂ ಬೆಕ್ಕು ಸಾಯಬಹುದು. ಗೊಬ್ಬರ ಹಾಕಿದ ಕುಂಡಗಳ ತಟ್ಟೆಯ ನೀರು, ಶುಚಿಕಾರಕ ಬೆರೆತ ಕಮೋಡಿನ ನೀರು, ಹಸಿರು ಪಾಚಿ ಕಟ್ಟಿದ ಕೊಳದ ನೀರು ಇವೂ ಬೇಡ.

ನೀರಿನ ಬದಲು ಹಾಲು ಕೊಡಬಹುದೇ?

ಬೇಡ. ತಾಯಿಯ ಹಾಲು ಬಿಟ್ಟ ಮೇಲೆ ಬಹಳಷ್ಟು ಬೆಕ್ಕುಗಳಲ್ಲಿ ಲ್ಯಾಕ್ಟೋಸ್ ಅರಗಿಸುವ ಕಿಣ್ವ ಕುಗ್ಗಿಹೋಗುತ್ತದೆ. ಹಾಲಿನಿಂದ ಭೇದಿಯಾದರೆ ದೇಹದಲ್ಲಿದ್ದ ನೀರೂ ಹೋಗುತ್ತದೆ.

ಮರಿಗಳಿಗೆ ಯಾವಾಗಿನಿಂದ ನೀರಿಡಬೇಕು?

ಗಟ್ಟಿ ಆಹಾರಕ್ಕೆ ಬಾಯಿ ಹಾಕಲು ಆರಂಭಿಸುವ ನಾಲ್ಕನೆಯ ವಾರದ ಸುಮಾರಿಗೆ, ಆಳವಿಲ್ಲದ ತಟ್ಟೆಯಲ್ಲಿ ಇಡಬೇಕು. ಭೇದಿಯಾದರೆ ಮರಿಗಳು ಬಹುಬೇಗ ಸೊರಗುವುದರಿಂದ ಅವುಗಳ ನೀರಿನ ವಿಷಯದಲ್ಲಿ ಸ್ವಲ್ಪವೂ ಸಂದೇಹವಿದ್ದರೆ ಕುದಿಸಿ ಆರಿಸಿದ ನೀರನ್ನೇ ಕೊಡಬೇಕು.

ಬೆಕ್ಕು ನೀರೇ ಕುಡಿಯುತ್ತಿಲ್ಲವೆನಿಸಿದರೆ ಸಿರಿಂಜಿನಿಂದ ಕುಡಿಸಬಹುದೇ?

ಒತ್ತಾಯದಿಂದ ಬಾಯಿಗೆ ಸುರಿದ ನೀರು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಹಸಿ ಆಹಾರವನ್ನು ಹೆಚ್ಚಿಸುವುದು, ಅದಕ್ಕೇ ಒಂದೆರಡು ಚಮಚೆ ಬೆಚ್ಚಗಿನ ನೀರು ಬೆರೆಸುವುದು, ಉಪ್ಪು ಈರುಳ್ಳಿ ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯ ಸಾರನ್ನು ಕೊಡುವುದು ಇದಕ್ಕಿಂತ ಎಷ್ಟೋ ಮೇಲು.

ಯಾವ ಲಕ್ಷಣ ಕಂಡರೆ ಪಶುವೈದ್ಯರನ್ನು ಕಾಣಬೇಕು?

ಗಂಡು ಬೆಕ್ಕು ಮತ್ತೆ ಮತ್ತೆ ಮಲದ ತಟ್ಟೆಗೆ ಹೋಗಿ ತಿಣುಕುತ್ತ, ಮೂತ್ರ ಬಾರದೆ ನರಳುತ್ತಿದ್ದರೆ ಒಂದು ಗಂಟೆಯನ್ನೂ ಕಳೆಯಬಾರದು. ಅದರ ಮೂತ್ರನಾಳ ಬಹಳ ಕಿರಿದು. ಅದು ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು. ವಸಡು ಅಂಟಂಟಾಗುವುದು, ಕಣ್ಣು ಗುಳಿಬೀಳುವುದು, ಹೆಗಲ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ತಕ್ಷಣ ಹಿಂದಕ್ಕೆ ಹೋಗದಿರುವುದು ನಿರ್ಜಲೀಕರಣದ ಗುರುತುಗಳು.

ಬೆಕ್ಕು ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿಯತೊಡಗಿದರೆ ಸಂತೋಷಪಡುವ ಬದಲು ಪರೀಕ್ಷೆ ಮಾಡಿಸಬೇಕು, ಏಕೆಂದರೆ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ, ಮಧುಮೇಹ, ಥೈರಾಯ್ಡ್ ಹೆಚ್ಚಳ ಈ ಮೂರೂ, ವಿಶೇಷವಾಗಿ ವಯಸ್ಸಾದ ಬೆಕ್ಕುಗಳಲ್ಲಿ, ಮೊದಲು ಹೀಗೆಯೇ ಕಾಣಿಸಿಕೊಳ್ಳುತ್ತವೆ. ಇಂಥ ಬೆಕ್ಕಿಗೆ ನೀರನ್ನು ಎಂದೂ ತಡೆಹಿಡಿಯಬಾರದು. ವೈದ್ಯರ ಬಳಿ ಹೋಗುವ ಮೊದಲು ಅದು ದಿನಕ್ಕೆ ಎಷ್ಟು ಕುಡಿಯುತ್ತಿದೆಯೆಂದು ಅಳೆದಿಟ್ಟುಕೊಂಡರೆ ರೋಗ ಗುರುತಿಸಲು ಸಹಾಯವಾಗುತ್ತದೆ. ಬೆಳಿಗ್ಗೆ ಅಳತೆ ಮಾಡಿ ನೀರಿಟ್ಟು, ಮರುದಿನ ಅದೇ ಹೊತ್ತಿಗೆ ಉಳಿದುದನ್ನು ಅಳೆದು ಮೊದಲಿನ ಅಳತೆಯಿಂದ ಕಳೆಯಬೇಕು. ಆವಿಯಾಗಿ ಹೋಗುವ ನೀರನ್ನು ಲೆಕ್ಕ ಹಿಡಿಯಲು ಅಂಥದೇ ಇನ್ನೊಂದು ಬಟ್ಟಲಲ್ಲಿ ಅಷ್ಟೇ ನೀರು ತುಂಬಿ ಬೆಕ್ಕಿಗೆ ಎಟುಕದ ಕಡೆ ಇಟ್ಟು, ಅದರಲ್ಲಿ ಕಡಿಮೆಯಾದಷ್ಟನ್ನೂ ಕಳೆಯಬೇಕು. ಉಳಿದ ಅಂಕಿಯನ್ನು ಬೆಕ್ಕಿನ ತೂಕದಿಂದ ಭಾಗಿಸಿದಾಗ ಬಟ್ಟಲಿನಿಂದ ಕುಡಿದ ನೀರೇ ಕಿಲೋಗೆ 50 ಮಿಲಿಲೀಟರ್ ದಾಟುತ್ತಿದ್ದರೆ, ಅದರಲ್ಲೂ ಹಸಿ ಆಹಾರ ತಿನ್ನುವ ಬೆಕ್ಕಾಗಿದ್ದರೆ, ರಕ್ತ ಮತ್ತು ಮೂತ್ರದ ಪರೀಕ್ಷೆಯನ್ನು ಆ ವಾರವೇ ಮಾಡಿಸಬೇಕು.